ನಾಲ್ಕೇ ಗೆಣ್ಣು

ಬಾಗೂರು
ಸೋಮವಾರ

ಮಗಳು ದೇವಿಕಾಗೆ ದೊಡ್ಡಪ್ಪನ ಆಶೀರ್ವಾದ,

ಹಿಂದಿನ ಮೂರು ಪತ್ರಗಳಿಗೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ ಬಿಡು. ಮಳೆ, ಕುರಿ, ನಿಮ್ಮಪ್ಪನ ಮಂಡಿನೋವು ಅಂತ ಊರ ಸುದ್ದಿಯನ್ನೇ ತುಂಬಿಸಿದ್ದೆ. ಹೇಳಬೇಕಾದ್ದು ಒಂದೇ ಇತ್ತು. ಇವತ್ತು ಅದನ್ನು ಬರೆಯುತ್ತೇನೆ.

ಹೋದ ತಿಂಗಳು ಹಿರಿಯೂರಿನಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ನೀನು ಕೆಲಸ ಮಾಡುವ ಬಟ್ಟೆ ಅಂಗಡಿಯ ಎದುರು ಅರ್ಧ ತಾಸು ಕುಳಿತಿದ್ದೆ. ನೀನು ರವಿಕೆ ಕಣ ಮಡಚಿ ಮಡಚಿ ಇಡುತ್ತಿದ್ದೆ. ಒಳಗೆ ಬರದೆ ಊರಿನ ಬಸ್ಸು ಹತ್ತಿದೆ.

ಮನೆಗೆ ಬಂದು ಗೋಡೆಯ ಗೂಡಿನಲ್ಲಿಟ್ಟಿದ್ದ ಗಾಜಿನ ಕೊಳವೆ ತೆಗೆದೆ. ಎರಡು ವರ್ಷದ ಹಿಂದೆ ತೆಂಗು ಬೆಳೆಗಾರರ ಸಂಘದ ಹುಳುಮನೆಯಲ್ಲಿ ನಾವಿಬ್ಬರೂ ಸಾಕಿದ ಕೊನೆಯ ತಂಡದ ಕಣಜಗಳು ಅದರಲ್ಲಿದ್ದವು, ಒಣಗಿ ಹೊಟ್ಟಿನಂತಾಗಿದ್ದವು. ನೀನು ಬಿಟ್ಟುಹೋದ ಲೆನ್ಸ್ ಹಿಡಿದು ನೋಡಿದೆ. ಬೆನ್ನು ಹಸಿರಾಗಿ ಹೊಳೆಯಿತು. ಮೀಸೆ ಮೊಣಕೈ ಮಡಿಸಿದಂತೆ ಬಾಗಿತ್ತು. ಹಿಂಗಾಲಿನ ಗೆಣ್ಣು ಎಣಿಸಿದೆ. ಪಾದದಲ್ಲಿ ನಾಲ್ಕೇ ಗೆಣ್ಣು.

ನೀನು ಅವತ್ತು ಹೇಳಿದ್ದೂ ಅದನ್ನೇ.

ತೆಂಗಿನ ಗರಿಯ ಹಸಿರನ್ನೆಲ್ಲ ಕೆರೆದು ತಿನ್ನುವ ಕಪ್ಪುತಲೆ ಹುಳುವನ್ನು ಕೊಲ್ಲಲೆಂದು ಗೋನಿಯೋಜಸ್ ಕಣಜ ಸಾಕುತ್ತಿದ್ದೆವಲ್ಲ. ಕುರಿ ಸಾಕಿದ ಕೈಗೆ ಸಣ್ಣ ಜೀವದ ತಾಳ್ಮೆ ಇರುತ್ತದೆಂದು ಸಂಘದವರು ನನ್ನನ್ನು ಕರೆದಿದ್ದರು. ಎಣ್ಣೆಗಪ್ಪು ಮೈ, ಉದ್ದನೆಯ ತಲೆ, ಹದಿಮೂರು ಗೆಣ್ಣಿನ ಮೀಸೆ, ಐದು ಗೆಣ್ಣಿನ ಪಾದ. ಒಂದು ಹಳೇ ಕೈಪಿಡಿಯಲ್ಲಿ ಅಕ್ಷರ ಕೂಡಿಸಿಕೊಂಡು ಓದಿ ಇಷ್ಟನ್ನು ಕಲಿತೆ, ನಿನಗೂ ಕಲಿಸಿದೆ. ಕಲಿಸಿದವನು ನೋಡುವುದನ್ನು ಬಿಟ್ಟ. ಕಲಿತವಳು ಬಿಡಲಿಲ್ಲ.

ಅವತ್ತು ನೀನು ಕೊಳವೆ ಹಿಡಿದು ಬಂದೆ. "ದೊಡ್ಡಪ್ಪ, ಹೊರಗೆ ಬಂದಿರೋವು ಬೇರೆ ಥರ ಅವೆ. ಬೆನ್ನು ಹಸಿರು ಐತೆ. ಒಂದ್ಸಲ ನೋಡ್ರಿ."

ನಾನು ನಕ್ಕೆ. "ಲೇ, ತಾಯಿ ಪಕ್ಕದಾಗೇ ನಿಂತೈತೆ. ಮರಿ ಯಾರದ್ದು ಅಂತ ನನ್ನ ಕೇಳ್ತೀಯಾ? ಸಾವಿರ ಕುರಿ ನೋಡಿದ ಕಣ್ಣು ಕಣವ್ವ ಇದು."

"ಕುರಿ ಆದ್ರೆ ಕಿವಿ ನೋಡಬೋದು. ಇದರದ್ದು ಕಾಲಿನ ಗೆಣ್ಣು ಎಣಿಸ್ರಿ, ನಾಲ್ಕೇ ಅವೆ."

"ಎಣಿಸಿದ್ದು ಸಾಕು, ಗೋನಿಯೋಜಸ್ ಅಂತ ಚೀಟಿ ಅಂಟಿಸು."

ನಿಜ, ತಾಯಿ ನಿಂತೇ ಇತ್ತು. ಹುಳುವನ್ನು ಕುಟುಕಿ ಮಂಪರು ಬರಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿಗಳು ದೊಡ್ಡವಾಗುವ ತನಕ ಅದು ಕಾವಲು ಬಿಡುವುದಿಲ್ಲ. ಆದರೆ ಆ ಹಸಿರು ಕಣಜ ಮೊದಲೇ ನುಸುಳಿ ಅದರ ಮರಿಗಳ ಒಳಗೆ ತನ್ನ ಮೊಟ್ಟೆ ಇಟ್ಟಿತ್ತು. ತಾಯಿ ಕಾಯುತ್ತಿದ್ದದ್ದು ತನ್ನ ಮರಿಗಳನ್ನು ತಿಂದು ಬೆಳೆಯುತ್ತಿದ್ದವುಗಳನ್ನು.

ಇದು ನನಗೆ ಹೊಳೆಯಬೇಕಿತ್ತು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸಲು, ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದಿಸುತ್ತೇವೆ. ಕುರಿ ಮೂಸಿ ನೋಡಿ ಹಾಲು ಕೊಡುತ್ತದೆ. ಎಷ್ಟು ಕುರಿಗಳಿಗೆ ನಾನೇ ಹೀಗೆ ಮಾಡಿಲ್ಲ? ತಾಯಿ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಮರಿ ಅದರದ್ದಾಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಪ್ಪನ್ನು ಪೊರೆ ಬಂದ ಕಣ್ಣಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು. ಆದರೆ ಲೆನ್ಸ್ ಇತ್ತು, ನಿನ್ನ ಕಣ್ಣೂ ಇತ್ತು.

ಕೊಳವೆಗಳು ಶ್ರೀರಾಂಪುರದ ದುರುಗಣ್ಣನ ತೋಟಕ್ಕೆ ಹೋದವು. ತೋಟದಲ್ಲಿ ಮೊದಲೇ ಇದ್ದ ಒಳ್ಳೆಯ ಕಣಜಗಳನ್ನೂ ಹಸಿರು ಕಣಜ ಮುಗಿಸಿತು. ಕಪ್ಪುತಲೆ ಹುಳು ಹೆಚ್ಚಿ ಮೂರು ತಿಂಗಳಲ್ಲಿ ಗರಿಗಳು ಸುಟ್ಟಂತಾದವು. ಸಂಘದ ಸಭೆಯಲ್ಲಿ ಅಧ್ಯಕ್ಷ ಪ್ರಭುಲಿಂಗ, "ಚೀಟಿ ಮೇಲೆ ಸಹಿ ಯಾರದ್ದು?" ಅಂದ. ನನ್ನ ಕೈ ನಡುಗುತ್ತದೆಂದು ನನ್ನ ಮಾತಿನ ಮೇಲೆ ನೀನು ಹಾಕುತ್ತಿದ್ದ ಸಹಿ. "ಅಷ್ಟು ಓದಿ ಏನು ಬಂತು, ಒಂದು ಹುಳ ಗುರುತಿಸಾಕೆ ಬರಲ್ಲ," ಅಂದ ದುರುಗಣ್ಣ. ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ಚಾಪೆಯ ಅಂಚು ಕೀಳುತ್ತಾ ಕುಳಿತಿದ್ದೆ. ನಿನ್ನ ಬಾಯಿಂದ ನನ್ನ ಹೆಸರು ಬರಲಿಲ್ಲ. ಪ್ರಯೋಗಾಲಯದ ಕೆಲಸಕ್ಕೆ ಬೇಕಿದ್ದ ಸಂಘದ ಕಾಗದ ನಿನಗೆ ಸಿಗಲಿಲ್ಲ, ನೀನು ಊರು ಬಿಟ್ಟೆ.

ಹೋದ ಬುಧವಾರ ಕೊಳವೆ ಹಿಡಿದು ಪ್ರಭುಲಿಂಗನ ಹತ್ತಿರ ಹೋದೆ. ತಪ್ಪು ನನ್ನದು, ಹುಡುಗಿಯದಲ್ಲ ಎಂದು ಬರೆದು ಕೊಡಿ ಅಂದೆ. "ಹುಳುಮನೆಗೆ ಬೀಗ ಬಿದ್ದು ವರ್ಷ ಆತು ಬೋರಪ್ಪ. ಈಗ ಅದ್ರಾಗೆ ಗೊಬ್ಬರದ ಚೀಲ ಅವೆ. ಇಲ್ಲದ ಮನೆಗೆ ಎಂಥ ಕಾಗದ ಬರ್ದು ಕೊಡಾಣ?" ಅಂದ. ಅಲ್ಲಿಂದ ಶ್ರೀರಾಂಪುರಕ್ಕೆ ಹೋದೆ. ದುರುಗಣ್ಣ ಮರ ಕಡಿಸುತ್ತಿದ್ದ. ಎಲ್ಲಾ ಕೇಳಿಸಿಕೊಂಡ. "ಅವತ್ತು ಯಾಕೆ ಬಾಯಿ ಬಿಡಲಿಲ್ಲ?" ಅಂದ. ನಾನು ಕೊಳವೆಯನ್ನು ಮತ್ತೆ ಜೇಬಿಗಿಟ್ಟೆ. "ಕುಂತ್ಕಳಪ್ಪ ಅನ್ನಾಕೂ ನೆರಳಿಲ್ಲ, ಹೋಗು," ಅಂದ.

ನೀನು ಆಸೆಪಟ್ಟಿದ್ದ ಪ್ರಯೋಗಾಲಯದ ಕೆಲಸಕ್ಕೆ ವಯಸ್ಸಿನ ಮಿತಿ ಈ ಯುಗಾದಿಗೆ ದಾಟಿತಂತೆ. ನಿಮ್ಮಪ್ಪ ಹೇಳಿದ. ಇನ್ನು ಕಾಗದ ಸಿಕ್ಕಿದರೂ ಉಪಯೋಗವಿಲ್ಲ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳಿದರೆ ನೀನು ಕ್ಷಮಿಸಲೇಬೇಕಾಗುತ್ತದೆ. ಆ ಕೆಲಸವನ್ನೂ ನಿನ್ನ ಮೇಲೆ ಹೊರಿಸಲಾರೆ.

ಕೊಳವೆಯ ಹಳೆಯ ಚೀಟಿ ಕಿತ್ತು, ನಡುಗುವ ಕೈಯಲ್ಲೇ ಹೊಸದು ಬರೆದು ಅಂಟಿಸಿದ್ದೇನೆ. ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ಬೇಡವಾದರೆ ಬಿಸಾಡು. ಅದರ ಮೇಲೆ ಇರುವುದು ಇಷ್ಟೇ: "ಗೋನಿಯೋಜಸ್ ಅಲ್ಲ. ಗುರುತಿಸಿದವರು: ದೇವಿಕಾ."

ನಿನ್ನ ಕಣ್ಣು ನನ್ನ ವಯಸ್ಸಿನ ತನಕವೂ ಮಂಜಾಗದಿರಲಿ.

ನಿನ್ನ ದೊಡ್ಡಪ್ಪ,
ಬೋರಪ್ಪ