ಬಲ್ಬ್ ತಪ್ಪಿಸುವ ಕೀಲಿ

ಹದಿನೇಳು, ಮಂಗಳವಾರ.

"ನನ್ನ ತಂಗಿ ಕೈಯಿಟ್ಟಳು, ಸುಟ್ಟು ಹೋಯ್ತು." ನಮ್ಮ ರಿಪೇರಿ ಅಂಗಡಿಗೆ ಬಂದ ಟ್ಯಾಕ್ಸಿಯವರ ಮುಂದೆ ಅಣ್ಣ ಹೀಗೆ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

ಅವರ ಕಾರಿನ ಹಾಡಿನ ಆಂಪ್ಲಿಫೈಯರನ್ನು ಎರಡು ದಿನ ಕೂತು ಸರಿಮಾಡಿದವಳು ನಾನು. ರಿಪೇರಿಯಾದ ಮೇಲೆ ಮೊದಲ ಸಲ ಬ್ಯಾಟರಿ ಕೊಡುವಾಗ ನಡುವೆ ಒಂದು ಹೆಡ್‌ಲೈಟ್ ಬಲ್ಬ್ ಸಿಕ್ಕಿಸುತ್ತೇನೆ. ಒಳಗೆ ಎಲ್ಲಾದರೂ ಶಾರ್ಟ್ ಉಳಿದಿದ್ದರೆ ಬಲ್ಬ್ ಧಗ್ಗನೆ ಉರಿದು ಹೆಚ್ಚಿನ ಕರೆಂಟನ್ನು ತಡೆಯುತ್ತದೆ, ಒಳಗಿನ ಟ್ರಾನ್ಸಿಸ್ಟರ್‌ಗಳು ಬದುಕಿಕೊಳ್ಳುತ್ತವೆ. ಇವತ್ತೂ ಉರಿಯಿತು. ತಪ್ಪು ಹುಡುಕೋಣ ಎನ್ನುವಷ್ಟರಲ್ಲಿ ಅಣ್ಣ, "ನಿನ್ನ ಬಲ್ಬಾಟ ಸಾಕು, ಗಿರಾಕಿ ಕಾಯ್ತಿದ್ದಾರೆ" ಎಂದು ಅದನ್ನು ಕಿತ್ತು ಬ್ಯಾಟರಿಯನ್ನು ನೇರವಾಗಿ ಕೊಟ್ಟ. ಟಪಟಪ ಎಂದು ನಾಲ್ಕೂ ಟ್ರಾನ್ಸಿಸ್ಟರ್ ಹೋದವು. ಅಂಗಡಿ ತುಂಬ ಹೊಗೆ. ಹೊರಗೆ ಕಾಯುತ್ತಿದ್ದ ಟ್ಯಾಕ್ಸಿಯವರು ಓಡಿಬಂದಾಗ ಅಣ್ಣ ಹೇಳಿದ್ದೇ ಆ ಮಾತು.

"ಸುಟ್ಟಿದ್ದು ನಾನಲ್ಲಣ್ಣ, ನಿನ್ನ ಆತುರ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಟ್ಯಾಕ್ಸಿಯವರು ಸೂರು ನೋಡಿದರು.

ಊಟಕ್ಕೆ ಬಡಿಸುತ್ತಾ ಅಮ್ಮ, "ಹೊರಗಿನವರ ಮುಂದೆ ಅವನ ಮರ್ಯಾದೆ ತೆಗೀಬಾರ್ದಿತ್ತು ಕಣೇ" ಎಂದಳು. ಟ್ರಾನ್ಸಿಸ್ಟರ್ ಹೋದರೆ ಬೇರೆ ಹಾಕುತ್ತೇನೆ, ಹಾಕಿಯೂ ಆಯಿತು. ನನ್ನ ಮರ್ಯಾದೆಯ ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತದಮ್ಮಾ?

ಸಂಜೆಯೇ ಬಲ್ಬನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದೆ. ಇನ್ನು ಬ್ಯಾಟರಿಯ ಕರೆಂಟು ಅದರ ಅಪ್ಪಣೆಯಿಲ್ಲದೆ ಮುಂದೆ ಹೋಗುವ ಹಾಗಿಲ್ಲ. ಅದನ್ನು ತಪ್ಪಿಸಿ ನೇರ ಕೊಡಬೇಕಾದರೆ ಹಳೇ ಕಾರಿನ ಕೀಲಿಸ್ವಿಚ್ ಒಂದನ್ನು ತಿರುಗಿಸಬೇಕು. ಕೀಲಿ ಒಂದೇ. ನಾಳೆ ಅಣ್ಣ ಅಂಗಡಿಯೆಲ್ಲ ಜಾಲಾಡಲಿ.

ಕೀಲಿ ಈ ಡೈರಿಯ ಪುಟಗಳ ನಡುವೆ ಇದೆ. ಪುಸ್ತಕ ಸರಿಯಾಗಿ ಮುಚ್ಚುತ್ತಿಲ್ಲ. ಮುಚ್ಚದಿದ್ದರೆ ಬೇಡ.