ಹದ್ದಿನ ರೆಕ್ಕೆಯ ಕೆಳಗೆ ಹಸಿರು

ಭಾನುವಾರ, ಮಧ್ಯಾಹ್ನ

ನನ್ನ ತಾಮ್ರದ ದೊರೆಗೆ,

ನೀವು ಕ್ಷೇಮವೆಂದು ಮಗಳು ಹೇಳಿದಳು, ಹಾಗಾಗಿ ಅದನ್ನು ಕೇಳುವುದಿಲ್ಲ. ನಿಮ್ಮ ತಮ್ಮನ ಮನೆಯ ಬಾಲ್ಕನಿಯಲ್ಲಿ ಕೂತು ಬೀದಿ ನೋಡುತ್ತೀರಂತೆ. ಫೋನಿನಲ್ಲೇ ಮಾತಾಡಬಾರದಾ ಅಮ್ಮ ಅಂದಳು. ಫೋನ್ ಹಿಡಿದರೆ ನೀವು ಬರೀ ಹೂಂ ಅನ್ನುತ್ತೀರಿ, ನನಗೆ ಸಿಟ್ಟು ಬರುತ್ತದೆ, ಇಟ್ಟುಬಿಡುತ್ತೇನೆ. ಕಾಗದವಾದರೆ ಕೊನೆಯವರೆಗೆ ಓದಲೇಬೇಕಲ್ಲ.

ವಿಷಯ ನಿಮ್ಮ ಹಳೇ ರಷ್ಯನ್ ನಾಣ್ಯಗಳದ್ದು. ರಾಣಿಯ ಕಾಲದ ಆ ದೊಡ್ಡ ಐದು ಕೊಪೆಕ್‌ನ ತಾಮ್ರದ ನಾಣ್ಯ ಇದೆಯಲ್ಲ, ಎರಡು ತಲೆಯ ಹದ್ದಿನದು, ಅದರ ರೆಕ್ಕೆಯ ಕೆಳಗೆ ಹಸಿರು ಕಲೆ ಎದ್ದಿದೆ. ತಾಮ್ರಕ್ಕೆ ಹಸಿರು ಹತ್ತಿದರೆ ಪಕ್ಕದ್ದಕ್ಕೂ ಹಬ್ಬುತ್ತದೆ, ಕೂಡಲೇ ಬೇರೆ ಇಡಬೇಕು ಅಂತ ನೀವೇ ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದಿರಿ. ಬೇರೆ ಇಟ್ಟಿದ್ದೇನೆ. ಮುಂದಿನದು ನನಗೆ ತಿಳಿಯದು. ನೀವೇ ಬಂದು ನೋಡಬೇಕು.

ಹೌದು, ಜಗಳ ಹುಟ್ಟಿದ್ದೂ ಇದೇ ನಾಣ್ಯದಿಂದ. ಅವತ್ತು ಹೊಲಿಗೆಗೆ ಬಂದಿದ್ದು ಜಾರುವ ಬಟ್ಟೆ, ಕತ್ತರಿಸಲು ಹೋದರೆ ಮೇಲಿನ ಮಾದರಿ ಕಾಗದ ಒಂದೆಡೆ ನಿಲ್ಲದು. ಕೈಗೆ ಸಿಕ್ಕಿದ್ದು ನಿಮ್ಮ ನಾಣ್ಯದ ತಟ್ಟೆ. ಅಂಥ ತೂಕದ್ದು, ಚಪ್ಪಟೆಯದ್ದು ಮನೆಯಲ್ಲಿ ಇನ್ನೇನಿದೆ ಹೇಳಿ? ಮೂಲೆಗೊಂದು ಇಟ್ಟೆ. ನೀವು ಬಂದು, ಹದ್ದಿನ ಮೇಲೆ ನನ್ನ ಸೀಮೆಸುಣ್ಣದ ಪುಡಿ ನೋಡಿ, ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಾಡಿದಿರಿ. ನಾನೂ ಬಿಟ್ಟೆನೇ? ಯಾವುದೋ ಕಾಲದ ಬಿಲ್ಲೆಯನ್ನು ಕೈಗವಸು ಹಾಕಿ, ಅಂಚು ಹಿಡಿದು, ಉಸಿರು ಬಿಗಿಹಿಡಿದು ಎತ್ತುತ್ತೀರಿ, ನನ್ನ ಕೈಯನ್ನು ಯಾವತ್ತು ಹಾಗೆ ಹಿಡಿದಿದ್ದೀರಿ ಅಂತ ಕೇಳಿದೆ. ನೀವು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊರಟಿರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾನು ಎಷ್ಟೋ ಸಲ ಉಂಡೆ, ಮಲಗಿದೆ, ಮುಗಿಯಲಿಲ್ಲ.

ನಾಣ್ಯಗಳನ್ನು ಮಾತ್ರ ಬಿಟ್ಟುಹೋದಿರಿ. ನನಗಿದ್ದ ಧೈರ್ಯವೂ ಅದೇ, ಇವನ್ನು ಬಿಟ್ಟು ಇವರು ಎಷ್ಟು ದಿನ ಇರುತ್ತಾರೆ ಅಂತ. ಚಳಿ ಹೋಗಿ ಬಿಸಿಲು ಬಂತು, ನೀವು ಬರಲಿಲ್ಲ. ಆಮೇಲೆ ನಾನೇ ತಟ್ಟೆ ತೆಗೆದು ನೋಡಲು ಶುರುಮಾಡಿದೆ. ಕಿಟಕಿಯ ಪಕ್ಕ, ನಿಮ್ಮ ಕುರ್ಚಿಯಲ್ಲೇ ಕೂರುತ್ತೇನೆ. ಬೆಳ್ಳಿ ರೂಬಲ್ಲಿನ ರಾಜನ ಮೂಗು ಥೇಟ್ ನಿಮ್ಮ ತಮ್ಮನದೇ. ಇದನ್ನು ಹೇಳಿಕೊಂಡು ನಗೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ನಿಮ್ಮ ಹಳೇ ಕೈಗವಸಿನ ಹೆಬ್ಬೆರಳು ಹರಿದಿತ್ತು. ಹೊಸ ಜೊತೆ ಹೊಲಿದೆ. ಅಳತೆಗೆಂದು ಹಳೆಯದನ್ನು ಬಿಚ್ಚಲು ಹೋದವಳು ಹಾಗೇ ಇಟ್ಟುಬಿಟ್ಟೆ, ಬೇಕಾಗಲಿಲ್ಲ. ನಿಮ್ಮ ಕಿರುಬೆರಳು ಒಂಚೂರು ಒಳಗೆ ಬಾಗಿರುವುದು ಕೂಡ ನನ್ನ ಕೈಗೆ ನೆನಪಿತ್ತು. ಹೊಲಿಯುವಾಗ ಕಣ್ಣೀರು ಬಂತು, ಮುಚ್ಚಿಡುವುದೇಕೆ. ನೀವಿಲ್ಲದ ಈ ಮನೆ ನನಗೆ ಸಾಕಾಗಿದೆ.

ನಾಣ್ಯ ಕೆಡುವ ಮುಂಚೆ ಬನ್ನಿ.

ಇಂತಿ,
ನಿಮ್ಮ ಮೇಲೆ ಸಿಟ್ಟು ಇನ್ನೂ ಇಳಿಯದ
ದರ್ಜಿ

ಮರೆತ ಮಾತು: ಹದ್ದಿಗೆ ಏನೂ ಆಗಿಲ್ಲ. ಎಲ್ಲಾದರೂ ಒಂದು ಕಲೆ ಸಿಗಲಿ ಅಂತ ನಿಮ್ಮ ಭೂತಗನ್ನಡಿ ಹಿಡಿದು ಒಂದೊಂದು ನಾಣ್ಯವನ್ನೂ ತಿರುಗಿಸಿ ನೋಡಿದೆ, ಎಲ್ಲವೂ ಗಟ್ಟಿಮುಟ್ಟಾಗಿವೆ. ಆದರೂ ಬನ್ನಿ. ಕೈಗವಸು ನಾಣ್ಯಕ್ಕೆ ಮಾತ್ರ.