ಗುದ್ದಿದ ಮಾವ

ಅಪ್ಪಾ,

ನಾನು ಕೆಲಸಕ್ಕ ಹೊಂಟೀನಿ. ನಿನ್ನಿ ನಮ್ಮ ಕಾರಿಗೆ ಗುದ್ದಿದ ಆ ಉಮಾಪತಿ ಹನ್ನೊಂದಕ್ಕ ಬರ್ತಾನಂತ, ರಾಜಿ ಕಾಗದ ಹಿಡ್ಕೊಂಡು.

ಅವ್ವನ ತವರು ಕೆಂಚನಗುಡ್ಡದವ ಅಂತ ಗೊತ್ತಾಗಿದ್ದೇ ತಡ, ನಡುರಸ್ತೆದಾಗ ಅವನ್ನ ಅಪ್ಪಿಕೊಂಡು, "ಇವ ನಿನಗ ಮಾವ ಆಗಬೇಕು" ಅಂದಿ. ನೆನಸಿಕೊಂಡ್ರ ಈಗಲೂ ನಗು ಬರ್ತೈತಿ.

ಆದ್ರ ಸಹಿ ಮಾಡಬ್ಯಾಡ. ಮಾಡಿದ್ರ ಇನ್ಶೂರೆನ್ಸ್ ರೊಕ್ಕ ಸಿಗೋದು ಕಷ್ಟ ಆಗ್ತೈತಿ. ಬಲಗೈಗೆ ಪಟ್ಟಿ ಐತಿ ಅಂತ ಎಡಗೈ ಹೆಬ್ಬೆಟ್ಟು ಒತ್ತಿಬಿಡ್ತಿ, ನೀ ಎಂಥಾವ ಅಂತ ನನಗ ಗೊತ್ತಿಲ್ಲೇನು.

ಇನ್ಶೂರೆನ್ಸಿನವ್ರು ಫೋಟೊ ತಗೊಳ್ಳೋತನಕ ಕಾರು ತೊಳೀಬ್ಯಾಡ, ನಿಂಬಿಹಣ್ಣೂ ಕಟ್ಟಬ್ಯಾಡ.

ನೀ ನಕ್ಕೋತ ಮನಿಗೆ ಬಂದಿ ಅಂತ ಅವ್ವ ಹೋಳಿಗಿ ಮಾಡ್ಯಾಳ. ಕಾಗದ ವಾಪಸ್ ಕಳಿಸು. ಮಾವನ್ನ ಮಾತ್ರ ಉಣ್ಣಿಸದ ಕಳಿಸಬ್ಯಾಡ.

ಸುಧಾರಾಣಿ